ಜೇಬಿನಲ್ಲೇ ಉಳಿದ ಫ್ಯೂಸು

ನಮ್ಮ ಸಾಲಿನ ಅಂಗಡಿಯವರೆಲ್ಲ ನನ್ನ ಗಂಡನಿಗೆ ಇಟ್ಟ ಹೆಸರು ನಿಧಾನಪ್ಪ. ಕಾರಿಗೆ ಆಂಪ್ಲಿಫೈಯರ್ ಕೂರಿಸುವುದು ಅವರ ಕೆಲಸ, ಅದೇ ಅಂಗಡಿಯ ಹಿಂಭಾಗದಲ್ಲಿ ಸೀಟ್ ಕವರ್ ಹೊಲಿಯುವುದು ನನ್ನದು. ಬೇರೆಯವರು ಗಂಟೆಯಲ್ಲಿ ಮುಗಿಸುವುದಕ್ಕೆ ಇವರಿಗೆ ಅರ್ಧ ದಿನ ಬೇಕು. ಕಾರಿನ ಜೊತೆ ಬಂದ ಸ್ಪೀಕರ್ ವೈರಿಗೆ ಕತ್ತರಿ ಹಾಕುವುದೆಂದರೆ ಇವರಿಗೆ ಜೀವವೇ ಹೋದ ಹಾಗೆ. ಹೊಂದುವ ಪಿನ್ನು ಹುಡುಕಿ ಸಿಕ್ಕಿಸಿ, ಹಳೆಯ ವೈರಿನಲ್ಲೇ ಹೊಸ ಸದ್ದು ಬರಿಸುತ್ತಾರೆ. ಹೊಸದಾಗಿ ಎಳೆಯುವುದು ಒಂದೇ ದಪ್ಪ ಕೇಬಲ್, ಬ್ಯಾಟರಿಯಿಂದ ಸೀಟಿನ ಕೆಳಗಿನ ಆಂಪ್ಲಿಫೈಯರ್ ತನಕ. ಬ್ಯಾಟರಿಯ ಪಕ್ಕದಲ್ಲೇ ಅದಕ್ಕೊಂದು ಫ್ಯೂಸು. ಕೇಬಲ್ ಎಲ್ಲಾದರೂ ಸವೆದು ತಗಡಿಗೆ ತಾಗಿದರೆ ಫ್ಯೂಸು ತಾನು ಸುಟ್ಟು ಕಾರನ್ನು ಉಳಿಸುತ್ತದೆ. ಕೆಲಸ ಪೂರ್ತಿ ಮುಗಿಯುವವರೆಗೂ ಆ ಫ್ಯೂಸು ಇವರ ಅಂಗಿಯ ಜೇಬಿನಲ್ಲೇ ಇರಬೇಕು. ಹದಿನಾಲ್ಕು ವರ್ಷದಿಂದ ಇದೇ ಶಾಸ್ತ್ರ.

ಅವತ್ತು ಬಂದದ್ದು ನಾದಿನಿಯ ಕಾರು. ಸೆಕೆಯೆಂದು ಇವರು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ್ದರು. ರಜೆಗೆಂದು ನಮ್ಮ ಆರು ವರ್ಷದ ಮಗಳನ್ನೂ ತನ್ನೂರಿಗೆ ಕರೆದೊಯ್ಯಲು ನಾದಿನಿ ತುದಿಗಾಲಲ್ಲಿ ನಿಂತಿದ್ದಳು.

"ಅಣ್ಣಾ, ಒಂದೇ ಒಂದು ಹಾಡು ಕೇಳಿಸೋ. ಆಮೇಲೆ ನಿನ್ನ ನಿಧಾನ ಮುಂದುವರಿಸು!"

ಇವರು ನಕ್ಕರು. ಅಂಗಿಯ ತನಕ ಹೋಗುವ ಬದಲು, ಕೆಳಗೆ ಬಿದ್ದಿದ್ದ ತಾಮ್ರದ ಎಳೆಗಳನ್ನು ಹೊಸೆದು ಫ್ಯೂಸಿನ ಜಾಗಕ್ಕೆ ತುರುಕಿದರು. ಒಂದು ನಿಮಿಷದ ಪರೀಕ್ಷೆಗೆ ಅಷ್ಟೆ. ಹಾಡು ಕಿತ್ತುಕೊಂಡು ಬಂತು. ಅಷ್ಟರಲ್ಲಿ ಹೊರಗೆ ಗಿರಾಕಿಯೊಬ್ಬ ಕರೆದ, ಇವರು ಹೋದರು. ಮಗಳು ಹಿಂದಿನ ಸೀಟಿಗೆ ಹಾರಿ ಕೂತಳು. ಪಾಪ, ತಡವಾಗುತ್ತದೆ ಎಂದು ಬಾನೆಟ್ ಮುಚ್ಚಿ ಕೈ ಬೀಸಿದವಳು ನಾನೇ.

ಸ್ವಲ್ಪ ಹೊತ್ತಿಗೆ ಗಿರಾಕಿಯನ್ನು ಕಳಿಸಿ ಇವರು ಒಳಗೆ ಬಂದಾಗ ನಾನು ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಅಂಗಿ ತೊಟ್ಟ ಇವರ ಕೈ ಜೇಬಿನ ಮೇಲೆ ನಿಂತುಬಿಟ್ಟಿತು.

"ಲೇ, ಕಾರು ಹೊರಟಾಗ ಹಾಡು ಬರ್ತಿತ್ತಾ?"

"ಬರ್ತಿತ್ತು. ಯಾಕ್ರೀ?"

ಅಂಗೈ ಬಿಚ್ಚಿದರು. ಫ್ಯೂಸು ಅಲ್ಲಿತ್ತು. ಫ್ಯೂಸು ಇಲ್ಲಿದ್ದು ಹಾಡು ಅಲ್ಲಿ ಬರುತ್ತಿದೆ ಅಂದರೆ ಆ ತಾಮ್ರ ಅಲ್ಲೇ ಇದೆ. ಕೇಬಲ್ ತಗಡಿಗೆ ತಾಗಿದರೆ ಅದು ಸುಡುವುದಿಲ್ಲ, ಕಾರು ಸುಡುತ್ತದೆ. ಡಬ್ಬಿ ಅಲ್ಲೇ ಬಿಟ್ಟು ಎದ್ದೆ.

ಫೋನು ಮಾಡಿದೆವು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಎತ್ತುವುದು ಹೇಗೆ? ನಾವೇ ಕೂರಿಸಿದ ಸದ್ದಿನಲ್ಲಿ ಫೋನು ಕೇಳಿಸಬೇಕಲ್ಲ!

ಸ್ಕೂಟರ್ ಹತ್ತಿದೆವು. ನಿಧಾನಪ್ಪ ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಕಂಡದ್ದು ಅವತ್ತೇ. ಒಂದೊಂದು ಗುಂಡಿಗೂ ಆ ಕೇಬಲ್ ಎಷ್ಟು ಕುಲುಕಿರಬಹುದು ಅಂತಲೇ ಲೆಕ್ಕ ಹಾಕುತ್ತಿದ್ದೆ. ದೂರದಲ್ಲಿ ಹೊಗೆ ಕಂಡಿತು. ಯಾರೋ ಕಸ ಸುಡುತ್ತಿದ್ದರು. ಅದು ಗೊತ್ತಾಗುವಷ್ಟರಲ್ಲಿ ನನ್ನ ಉಗುರು ಇವರ ಹೆಗಲಿಗೆ ನೆಟ್ಟಿತ್ತು. ಒಳಗಿನಿಂದ ತೆರೆಯದ ಹಾಗೆ ಹಿಂದಿನ ಬಾಗಿಲಿಗೆ ಮಕ್ಕಳ ಲಾಕ್ ಹಾಕಿಸಿದ್ದೂ ನಾನೇ ಅಂತ ಆಗಲೇ ನೆನಪಾಗಬೇಕೆ!

ರೈಲ್ವೆ ಗೇಟು ಹಾಕಿತ್ತು. ವಾಹನಗಳ ಸಾಲಿನಲ್ಲಿ ಕಾರು ಕಾಣುವ ಮೊದಲೇ ಆ ಹಾಡಿನ ಧಮ್ ಧಮ್ ಕೇಳಿಸಿತು. ಇವರು ಸ್ಕೂಟರನ್ನು ನಿಲ್ಲಿಸಲೂ ಇಲ್ಲ, ಹಾಗೇ ಬೀಳಲು ಬಿಟ್ಟು ಓಡಿದರು. ನಾನು ಮಗಳನ್ನು ಎಳೆದು ಸೊಂಟಕ್ಕೆ ಏರಿಸಿಕೊಂಡೆ. ಇವರು ಬಾನೆಟ್ ಎತ್ತಿ ಕೇಬಲ್ ಬಿಚ್ಚಿದರು. ಕಟ್ಟು ಸಡಿಲವಾಗಿ ಕೇಬಲ್ ತಗಡಿನ ಅಂಚಿಗೆ ಉಜ್ಜಿತ್ತು, ಮೇಲಿನ ರಬ್ಬರು ಅರ್ಧ ಸವೆದಿತ್ತು. ಇನ್ನು ನಾಲ್ಕು ಗುಂಡಿ ಸಾಕಿತ್ತು.

ಇವರು ತಂಗಿಯ ಮೇಲೆ ಕೂಗಾಡಿದರು. "ನಾನು ಬರೋ ಮೊದ್ಲೇ ಬಾನೆಟ್ ಮುಚ್ಚೋಕೆ ಯಾರೇ ಹೇಳಿದ್ದು ನಿನಗೆ?"

ನಾದಿನಿ ನನ್ನ ಕಡೆ ನೋಡಿದಳು. ಮಗಳು ನನ್ನ ಕುತ್ತಿಗೆ ತಬ್ಬಿಕೊಂಡಿದ್ದಳು. ನಾನು ಅವಳ ಕೂದಲು ಸರಿಮಾಡತೊಡಗಿದೆ.

"ತಪ್ಪಾಯ್ತು ಅಣ್ಣಾ," ಅಂದಳು ಅವಳು.

ಇವರು ಫ್ಯೂಸನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಗೇಟು ತೆರೆಯಿತು, ಕಾರು ಸದ್ದಿಲ್ಲದೆ ಮುಂದೆ ಹೋಯಿತು. ಮಗಳನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ವಾಪಸು ಬಂದೆವು.

ಈಗ ಪ್ರತಿ ಕಾರಿಗೂ ಬಾನೆಟ್ ಮುಚ್ಚುವ ಮೊದಲು ಇವರು ನನ್ನನ್ನು ಕರೆಯುತ್ತಾರೆ. "ನೀನೂ ಒಂದ್ಸಲ ನೋಡೇ. ನನ್ನ ತಂಗಿ ಥರ ಅವಸರ ಮಾಡೋಳಲ್ಲ ನೀನು."

ನಾನು ಬಗ್ಗಿ ನೋಡುತ್ತೇನೆ. ನಾದಿನಿ ಇವತ್ತಿಗೂ ಹೇಳಿಲ್ಲ, ನಾನೂ ಹೇಳಿಲ್ಲ.