ಮುಂದೆ ನಿಂತವನ ಹಾಲಿನ ಅಂಕಿ

ಹಳ್ಳಿಮೈಸೂರಿನ ಹತ್ತಿರದ ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಯಂತ್ರಕ್ಕೆ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ಹಾಸನದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನಿಗೆ ಊರಲ್ಲಿ ಒಂದಿಷ್ಟು ಗತ್ತು ಬೇಡವೇ! ಯಂತ್ರದಿಂದ ಹಾಲಿನ ಗಟ್ಟಿತನದ ಅಂಕಿ ಓದಿ ಕಂಪ್ಯೂಟರಿನಲ್ಲಿ ಬರೆದಿಡುವ ಭಾಗವನ್ನು ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ್ದೆ. ಆ ಅಂಕಿಯನ್ನು ಎತ್ತಿಕೊಂಡು ಪರದೆಗೆ ತರುವ ಕೆಲಸ ಒಂದು ಪೈಥಾನ್ ಸ್ಕ್ರಿಪ್ಟಿನದು.

ಶುರುವಾದ ವಾರದಲ್ಲೇ ಒಬ್ಬ ಹೆಂಗಸಿನ ಹಾಲಿಗೆ ದಿನವೂ ‘ನೀರು ಬೆರೆತಿದೆ’ ಎಂದು ಬರತೊಡಗಿತು. ಸಾಲಿನಲ್ಲಿ ಅವಳ ಮುಂದೆ ಯಾವಾಗಲೂ ಪಕ್ಕದ ಮನೆಯವನ ಕ್ಯಾನು. ಊರಿಗೆಲ್ಲ ಅನುಮಾನ ಇದ್ದದ್ದು ಅವನ ಮೇಲೆ, ಆದರೆ ಅವನ ಅಂಕಿ ಫಸ್ಟ್ ಕ್ಲಾಸು.

“ಒಂದ್ ತೊಟ್ಟು ನೀರೂ ಆಕಿಲ್ಲ ಸಾ. ನಿಮ್ ಮಿಷನ್ನೇ ನೋಡ್ಬುಡಿ ಒಂದ್ಸಲ,” ಅಂದಳು.

ನೋಡಿದೆ. ಅಷ್ಟರಲ್ಲಿ ಅವಳ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದಾಗಿತ್ತು. ನಮ್ಮ ಮನೆಯ ಗಟ್ಟಿ ಹಾಲು, ಆಮೇಲೆ ಅದಕ್ಕೇ ನೀರು ಬೆರೆಸಿ ಇನ್ನೊಂದು, ಎರಡನ್ನೂ ಇಟ್ಟು, ಸ್ಕ್ರಿಪ್ಟನ್ನು ಒಂದೊಂದು ಸಾಲಿಗೂ ನಿಲ್ಲಿಸಿ ಪರೀಕ್ಷಿಸಿದೆ. ಎರಡೂ ಅಂಕಿ ಸರಿಯಾಗಿ ಬಂದವು. “ಮಿಷನ್ ಸುಳ್ಳು ಹೇಳಲ್ಲ ಕಣಮ್ಮ,” ಎಂದು ಎಲ್ಲರೆದುರೇ ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಹೀಗೇ ಇಪ್ಪತ್ತು ದಿನ ಕಳೆದವು. ಒಂದು ದಿನ ಪಕ್ಕದ ಮನೆಯವನು ಅರಕಲಗೂಡಿಗೆ ಮದುವೆಗೆ ಹೋದ. ಆವತ್ತು ಅವಳ ಹಾಲಿನ ಅಂಕಿ ಚೆನ್ನಾಗಿ ಬಂತು. ಡೇರಿಯಲ್ಲಿ ಅಳೆಯುವವನು ಫೋನು ಮಾಡಿ, “ಕೊನೆಗೂ ಬುದ್ಧಿ ಬಂತು ಕಣ್ಲಾ ಅವ್ಳಿಗೆ,” ಎಂದು ನಕ್ಕ. ನನಗೆ ನಗು ಬರಲಿಲ್ಲ; ಅವನಿಲ್ಲದ ದಿನವೇ ಯಾಕೆ ಸರಿಹೋಯಿತು?

ಮಾರನೆಯ ಬೆಳಗ್ಗೆ ಅಂಗಡಿಯಲ್ಲಿ ಕೂತೇ ಡೇರಿಯ ಕಂಪ್ಯೂಟರಿಗೆ ಕನೆಕ್ಟ್ ಆಗಿ, ಈ ಸಲ ಸ್ಕ್ರಿಪ್ಟನ್ನು ಎಲ್ಲೂ ನಿಲ್ಲಿಸದೆ ಅದರ ಪಾಡಿಗೆ ಓಡಲು ಬಿಟ್ಟೆ. ಯಾವ ಕೆಲಸ ಯಾವ ಕ್ಷಣಕ್ಕೆ ಆಯಿತೆಂದು ಎರಡೂ ಭಾಗಗಳು ಬರೆದಿಡುವಂತೆ ಮಾಡಿದೆ. ಆ ದಾಖಲೆ ಓದಿದೆ. ಕಂಪೈಲ್ ಆದ ಭಾಗ ಹೊಸ ಅಂಕಿ ಬರೆಯುವ ಮೊದಲೇ ಸ್ಕ್ರಿಪ್ಟು ಅಲ್ಲಿದ್ದ ಹಳೆಯ ಅಂಕಿಯನ್ನು ಎತ್ತಿಕೊಳ್ಳುತ್ತಿತ್ತು. ನಾನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಬರೆಯಲು ಪುರುಸೊತ್ತು ಸಿಕ್ಕಿ ಎಲ್ಲ ಸರಿಯಾಗಿ ಕಂಡಿತ್ತು, ಅಷ್ಟೆ. ಇಷ್ಟೂ ದಿನ ಪ್ರತಿಯೊಬ್ಬರಿಗೂ ಮುಂದೆ ನಿಂತವರ ಅಂಕಿ ಬಂದಿದೆ. ಉಳಿದವರದೆಲ್ಲ ಹೆಚ್ಚುಕಮ್ಮಿ ಒಂದೇ ಥರದ ಹಾಲು, ಯಾರಿಗೂ ಗೊತ್ತಾಗಿರಲಿಲ್ಲ. ಪಕ್ಕದ ಮನೆಯವನ ನೀರು ಮಾತ್ರ ನೇರವಾಗಿ ಅವಳ ತಲೆಗೆ ಬಿದ್ದಿತ್ತು.

ಅಂಗಡಿ ಮುಚ್ಚಿ, ಹೊಳೆನರಸೀಪುರದ ಬಸ್ಸು ಹಿಡಿದು ಊರಿಗೆ ಬಂದು ನೇರ ಅವಳ ಮನೆಗೆ ಹೋದೆ. “ತಪ್ಪು ನನ್ನದು. ನೀವು ನೀರು ಹಾಕಿರಲಿಲ್ಲ,” ಅಂದೆ.

“ನಾನ್ ಆಕಿಲ್ಲ ಅಂತ ನಂಗೊತ್ತಿತ್ತಲ್ಲ ಸಾ,” ಅಂದಳು. ಆಮೇಲೆ ಜಗಲಿಯ ಕಡೆ ತಿರುಗಿದಳು. “ಅದ್ಕೇ ನಮ್ಮತ್ತೆ ಆಕವ್ಳೆ ಅಂದ್ಕಂಡೆ. ಆಲು ಕರೀತಿದ್ದೋಳು ಅವ್ಳೇಯ. ಮೊನ್ನೆ ಕೈಯಿಂದ ಚೊಂಬು ಕಿತ್ಕಂಡು, ಕೊಟ್ಗೆ ಒಳಿಕ್ಕೆ ಕಾಲಿಡ್ಬ್ಯಾಡ ಅಂದ್ಬುಟ್ಟಿವ್ನಿ.”

ಜಗಲಿಯ ಮೇಲೆ ಕೂತಿದ್ದ ಅತ್ತೆ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ಸೊಸೆ ಒಳಗೆ ಓಡಿ, ಚೊಂಬು ತಂದು ಅವಳ ಮುಂದೆ ಇಟ್ಟು, “ಓಗು ಅತ್ತೆ, ಆಲು ಕರ್ಕಂಡ್ ಬಾ,” ಅಂದಳು.

ಮುದುಕಿ ಚೊಂಬನ್ನು ಮುಟ್ಟಲಿಲ್ಲ.