ಹುಸೇನಬಿ ಕೇಳಲಿಲ್ಲ

ಹುಬ್ಬಳ್ಳಿ ಕಮರಿಪೇಟೆಯ ನಮ್ಮ ಓಣಿಯ ತುದಿಗೆ ಹುಸೇನಬಿಯ ಮನೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಅವಳ ಕಸುಬು. ಗಂಡ ತೀರಿಕೊಂಡ ಮೇಲೆ ಮಗಳು ತಾಜಬಿಯನ್ನು ಆ ಸೂಜಿಯ ಮೇಲೇ ಸಾಕಿದಳು. ಯಾರ ಮನೆಯಲ್ಲಿ ಬಾಣಂತನವಿದ್ದರೂ ಕೂಸಿನ ಕೌದಿ ಅವಳ ಕೈಯದೇ ಆಗಬೇಕು. ನಾಲಿಗೆಯೂ ಸೂಜಿಯಷ್ಟೇ ಚುರುಕು. ನಮ್ಮವ್ವ ಹರಿದ ಸೀರೆ ತಂದುಕೊಟ್ಟರೆ, "ಈರವ್ವಕ್ಕ, ಇದು ಸೀರಿ ಏನ್ರಿ, ಜರಡಿ ಏನ್ರಿ?" ಎಂದು ನಗುತ್ತಿದ್ದಳು.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಅವಳ ಕಣ್ಣು ನೋಯತೊಡಗಿತು. ಚಿಮಣಿ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದಳು. ನಮ್ಮವ್ವ ಅವಳನ್ನು ಬಲವಂತದಿಂದ ದೀನಸೇವಾ ಮಂಡಳಿಯ ಧರ್ಮ ದವಾಖಾನೆಗೆ ಕರೆದುಕೊಂಡು ಹೋದಳು.

ಆ ಮಂಡಳಿ ಕಟ್ಟಿದವರು ಹತ್ತಿ ವ್ಯಾಪಾರಿ ಕುಬೇರಪ್ಪನವರು. ಬಂದವರಿಗೆ ಔಷಧಿ ಹಾಕಿ, ಕಷ್ಟಸುಖ ವಿಚಾರಿಸಲು ಇಂಗ್ಲಿಷ್ ಬಲ್ಲ ರತ್ನವ್ವ ಎಂಬ ವಿಧವೆಯನ್ನು ನೇಮಿಸಿದ್ದರು. ಕಣ್ಣಿನ ಆಪರೇಶನ್ ಬೇಕಾದವರನ್ನು ಮಂಡಳಿಯೇ ಖರ್ಚು ಹಾಕಿ ರೈಲಿನಲ್ಲಿ ಮೀರಜಿನ ದೊಡ್ಡ ದವಾಖಾನೆಗೆ ಕಳಿಸುತ್ತಿತ್ತು. ಆದರೆ ಕೇಳಿದವರಿಗೆ ಮಾತ್ರ. ಕೇಳದವರಿಗೆ ತಾನಾಗಿ ಹೇಳಕೂಡದು, ಇದು ಕುಬೇರಪ್ಪನವರ ಕಟ್ಟಳೆ. ಅವರ ಅಂಗಡಿಗೆ ಬಂದು ಹೋಗುವವರಿಗೆ, ಅವರ ಬೀಗರಿಗೆ ಸಂಗತಿ ಗೊತ್ತಿತ್ತು. ಅವರು ಕೇಳುತ್ತಿದ್ದರು, ಹೋಗಿ ಕಣ್ಣು ಮಾಡಿಸಿಕೊಂಡು ಬರುತ್ತಿದ್ದರು. ನಮ್ಮ ಓಣಿಯವರಿಗೆ ಯಾರು ಹೇಳಬೇಕು?

ವಾರಕ್ಕೊಮ್ಮೆ ಬರುವ ಡಾಕ್ಟರರು ಹುಸೇನಬಿಯ ಕಣ್ಣು ನೋಡಿ, ಇದಕ್ಕೆ ಹನಿ ಸಾಲದು, ಲಗೂನೇ ಮೀರಜಿಗೆ ಹೋಗಬೇಕು ಎಂದು ರತ್ನವ್ವನಿಗೆ ಇಂಗ್ಲಿಷಿನಲ್ಲಿ ಹೇಳಿ ಎದ್ದುಹೋದರು. ರತ್ನವ್ವ ಒಳ್ಳೆಯವಳೇ. ಅವತ್ತೇ ಹೋಗಿ ಕುಬೇರಪ್ಪನವರ ಮುಂದೆ ನಿಂತಳಂತೆ. ಇದನ್ನು ಮುಂದೆ ಅವಳೇ ನಮ್ಮವ್ವನಿಗೆ ಹೇಳಿದ್ದು.

"ಆಕಿಗೆ ನಾನ ಹೇಳಲೇನ್ರಿ, ಸಾವಕಾರ್ರ?"

"ಹೋದ ವರ್ಷ ಸೀರಿ ಅರಿವಿ ಹಂಚತೇವಂತ ಡಂಗುರಾ ಹೊಡಸಿದ್ವಿ, ಏನಾತು? ಗಬ್ಬೂರಿಂದ ಉಳ್ಳವರೆಲ್ಲಾ ಗಾಡಿ ಕಟಗೊಂಡು ಬಂದ್ರು. ಖರೇ ಬಡವರು ಹೊರಗ ಉಳದ್ರು. ಮತ್ತ, ಮರ್ಯಾದಿಲೆ ದುಡದು ತಿನ್ನೋ ಹೆಣಮಗಳಿಗೆ ಕೇಳದ ಧರ್ಮಾ ಕೊಡಾಕ ಹೋದ್ರ ಆಕಿ ಮಾನ ಏನಾಗಬೇಕು? ಬೇಕಾದ್ರ ತಾನ ಕೇಳ್ತಾಳ, ಬಿಡು."

ಮಾನದ ಮಾತು ರತ್ನವ್ವನಿಗೂ ಸರಿ ಅನಿಸಿತು. ಕಟ್ಟಳೆ ಮುರಿಯದೆ ದಾರಿ ಮಾಡಿಕೊಡಬೇಕೆಂದು ಹನಿ ಹಾಕಿದಾಗಲೆಲ್ಲ ತಪ್ಪದೆ ವಿಚಾರಿಸುತ್ತಿದ್ದಳು:

"ಮತ್ತೇನರ ಬೇಕಾಗಿತ್ತೇನ್ರಿ, ಹುಸೇನಬಿ?"

"ಏನೂ ಬ್ಯಾಡ್ರಿ ಅಕ್ಕಾರ. ಇಷ್ಟ್ ಮಾಡಾಕತ್ತೀರಿ, ಅದ ಭಾಳಾತು."

ಇನ್ನೇನು ಹೇಳಿಯಾಳು? ಪುಕ್ಕಟೆ ಔಷಧಿ ಕೊಟ್ಟವರ ಹತ್ತಿರ ಇನ್ನಷ್ಟು ಕೊಡಿ ಎನ್ನುವ ಜಾಯಮಾನ ಅವಳದಲ್ಲ. ನಮ್ಮ ಮನೆಯಲ್ಲಿ ಉಣ್ಣಲು ಕೂತರೂ ಎರಡನೇ ರೊಟ್ಟಿಗೆ ಕೈ ಅಡ್ಡ ಹಿಡಿಯುವವಳು. ನಮ್ಮವ್ವ ಬೈದೇ ಬಡಿಸಬೇಕು. ದವಾಖಾನೆಯಲ್ಲಿ ಬೈದು ಬಡಿಸುವವರು ಇರಲಿಲ್ಲ. ಇವಳು ಬೇಡ ಅಂದಳು, ಅವಳು ಸುಮ್ಮನಾದಳು. ಇಬ್ಬರೂ ಮರ್ಯಾದೆಯಿಂದಲೇ ನಡೆದುಕೊಂಡರು. ಆ ಮರ್ಯಾದೆಗಿಷ್ಟು ಬೆಂಕಿ ಹಾಕಬೇಕು ಅನಿಸುತ್ತದೆ ನನಗೆ.

ಮಳೆಗಾಲ ಮುಗಿಯುವಷ್ಟರಲ್ಲಿ ಹುಸೇನಬಿ ದಾರ ಪೋಣಿಸಲು ಮಗಳನ್ನು ಕರೆಯತೊಡಗಿದಳು. ದಸರೆಗೆ ಕೊಟ್ಟ ಕೌದಿಯಲ್ಲಿ ಹೊಲಿಗೆಯ ಸಾಲು ಸೊಟ್ಟಗಾಗಿತ್ತು. ನಮ್ಮವ್ವ ಅದನ್ನು ಹಾಗೇ ಮಡಚಿಟ್ಟಳು.

ಆಗಲೇ ಹಿಂದಿನ ಓಣಿಯ ಸತ್ಯವ್ವ ಮೀರಜಿನಿಂದ ಕಣ್ಣು ಮಾಡಿಸಿಕೊಂಡು ಬಂದದ್ದು. ಅವಳ ಅಳಿಯ ಕುಬೇರಪ್ಪನವರ ಅಂಗಡಿಯಲ್ಲಿ ಗುಮಾಸ್ತ. ಕಳಿಸಿದ್ದು ಮಂಡಳಿಯವರೇ ಎಂದು ಅವಳ ಬಾಯಿಂದ ಕೇಳಿದ್ದೇ ತಡ, ನಮ್ಮವ್ವ ರೊಟ್ಟಿ ಬಡಿಯುವ ಕೈಯಲ್ಲೇ ದವಾಖಾನೆಗೆ ಓಡಿದಳು. "ಹುಸೇನಬೀನ ಮೀರಜಿಗೆ ಕಳಸ್ರಿ" ಎಂದು ಕೇಳಿದಳು. ಕೇಳಿದ್ದಕ್ಕೆ ಆ ವಾರವೇ ಕಳಿಸಿದರು. ಅಷ್ಟು ಸುಲಭವಿತ್ತು.

ಮೀರಜಿನ ಡಾಕ್ಟರರು ಬಹಳ ಹೊತ್ತು ನೋಡಿದರಂತೆ. ನೋವು ಶುರುವಾದಾಗಲೇ ಬಂದಿದ್ದರೆ ಇದ್ದಷ್ಟು ದೃಷ್ಟಿ ಉಳಿಸಬಹುದಿತ್ತು, ಹೋದದ್ದು ಇನ್ನು ತಿರುಗಿ ಬಾರದು ಎಂದರಂತೆ. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ತಾಜಬಿ ತಾಯಿಯನ್ನು ಕೈಹಿಡಿದು ಇಳಿಸಿದಳು. ಹುಸೇನಬಿಗೆ ಎದುರಿಗೆ ಬೆಳಕಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಆಮೇಲೆ ಅದೂ ಹೋಯಿತು.

ಸುದ್ದಿ ತಿಳಿದು ರತ್ನವ್ವ ಹುಸೇನಬಿಯ ಮನೆಗೆ ಬಂದಳು. ನಮ್ಮವ್ವ, ನಾನು ಅಲ್ಲೇ ಇದ್ದೆವು. ರತ್ನವ್ವ ಹುಸೇನಬಿಯ ಎದುರು ಕೂತು ಅಳತೊಡಗಿದಳು.

"ಒಂದ ಮಾತು ಕೇಳಿದ್ರ ಅವತ್ತ ಕಳಸ್ತಿದ್ನೆಲ್ರಿ. ದಿನಾ ದಾರಿ ನೋಡ್ದೆ. ಯಾಕ ಕೇಳಲಿಲ್ಲರಿ?"

ಹುಸೇನಬಿ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಮಗೆಲ್ಲ ಎಷ್ಟೋ ಹಗುರಾಗುತ್ತಿತ್ತು. ಅವಳು ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಏನಂತ ಕೇಳಬೇಕಿತ್ರಿ, ಅಕ್ಕಾರ?"

ಕೊಂಕು ಮಾತಲ್ಲ ಅದು. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ರತ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸದ್ದಾಗದಂತೆ ಎದ್ದು ಹೊರಗೆ ಹೋದಳು.

"ಹೇಳ್ರಿ ಅಕ್ಕಾರ" ಎಂದಳು ಹುಸೇನಬಿ, ಯಾರೂ ಇಲ್ಲದ ಆ ಕಡೆಗೇ ಮುಖ ಮಾಡಿಕೊಂಡು.