ಬೆಂಡಿನ ಚೀಲ

ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಸುಟ್ಟಾಗ ಬರುವ ಗ್ಯಾಸಿನಲ್ಲಿ ಓಡುವ ಎಂಜಿನ್ ಆರಿಸಿಕೊಡಿ ಎಂದು ಶಿಕಾರಿಪುರದ ಅಕ್ಕಿ ಗಿರಣಿಯ ರುದ್ರಪ್ಪನವರು ಎಂಜಿನಿಯರಾದ ನನ್ನನ್ನು ಸೊರಬಕ್ಕೆ ಕರೆದುಕೊಂಡು ಹೊರಟಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಚೀಲ ಬೆಂಡು ಕೂತಿತ್ತು.

"ಇದ್ಯಾಕ್ರೀ, ಅಲ್ಲೇ ಇರುತ್ತಲ್ಲ?" ಎಂದೆ.

"ಎತ್ತು ಕೊಳ್ಳೋವಾಗ ಮಾರೋನ ಹೊಲದಾಗ ಹೂಡಿ ನೋಡಿದ್ರೆ ಏನು ಗೊತ್ತಾಗುತ್ತೆ? ನಮ್ಮ ಕೆಸರಿಗೆ ಇಳಿಸಬೇಕು ರೀ" ಎಂದರು.

ಸೊರಬದಲ್ಲಿ ಎಂಜಿನ್ ಸಲೀಸಾಗಿ ಓಡುತ್ತಿತ್ತು. ಮಾರುವವನು ಗ್ಯಾಸಿನ ಪೈಪಿಗೆ ಬಿಳಿ ಬಟ್ಟೆ ಹಿಡಿದು ತೋರಿಸಿದ, ಒಂದು ಕಲೆಯಿಲ್ಲ. "ಇದೇ ಆಗಲಿ" ಎಂದುಬಿಟ್ಟೆ ನಾನು.

ರುದ್ರಪ್ಪನವರು ಗ್ಯಾಸ್ ತಯಾರಾಗುವ ಒಲೆಯೊಳಗೆ ಇಣುಕಿದರು. "ಇದ್ದಿಲು ಹಾಕೀರಲ್ರೀ! ನಮ್ಮ ಹೊಲದಾಗ ಇದ್ದಿಲು ಬೆಳೆಯಲ್ಲ" ಎಂದು ತಮ್ಮ ಚೀಲ ಸುರಿಸಿದರು. ಅರ್ಧ ತಾಸು ಬಿಟ್ಟು ಪೈಪಿಗೆ ತಮ್ಮ ಹೆಗಲ ಮೇಲಿನ ಬಿಳಿ ಟವೆಲ್ ಹಿಡಿದರೆ, ಡಾಂಬರಿನಂಥ ಕಪ್ಪು ಅಂಟು! ಅದು ಒಳಗೆ ಹೋದರೆ ಎಂಜಿನ್ ಕಥೆ ಮುಗಿದಂತೆ.

ವಾಪಸ್ ಬರುವಾಗ ಶಿರಾಳಕೊಪ್ಪ ದಾಟಿದ ಮೇಲೆ ಅವರು ಮೆಲ್ಲಗೆ ಕೇಳಿದರು: "ಸರ್, ಆ ಮಾರೋನು ನಿಮಗೆ ಮೊದಲೇ ಪರಿಚಯವೇನ್ರೀ?"

ನನಗೂ ಹಿಡಿದು ನೋಡಲು ಅವರ ಹತ್ತಿರ ಇನ್ನೊಂದು ಬಿಳಿ ಟವೆಲ್ ಇರಲಿಲ್ಲ, ನನ್ನ ಪುಣ್ಯ.